ಡವ್ ಸರೋವರಕ್ಕೊಂದು ಪ್ರದಕ್ಷಿಣೆ

ಆಸ್ಟ್ರೇಲಿಯಾದ ದಕ್ಷಿಣಕ್ಕಿರುವ ದ್ವೀಪರಾಜ್ಯ ಟಾಸ್ಮೇನಿಯಾ. ಅಲ್ಲಿನ ಮಲೆನಾಡಿನಲ್ಲಿ 1,545 ಮೀಟರ್ ಎತ್ತರದ ಕ್ರೇಡಲ್ ಪರ್ವತವಿದೆ. ಕ್ರೇಡಲ್ ಎಂದರೆ ತೊಟ್ಟಿಲು. ಎರಡು ತುದಿ ಎದ್ದು ನಡು ತಗ್ಗಿದ ಅದರ ಶಿಖರ ದೂರದಿಂದ ತೊಟ್ಟಿಲಿನಂತೆಯೇ ಕಾಣುತ್ತದೆ. ಆ ಶಿಖರದ ಕೆಳಗೆ ಡವ್ ಸರೋವರ. ಸರೋವರವನ್ನು ಒಂದು ಸುತ್ತು ಹಾಕಿ ಹೊರಟ ಜಾಗಕ್ಕೇ ಬಂದು ಸೇರುವ ಕಾಲುದಾರಿಯ ಉದ್ದ ಸುಮಾರು 6 ಕಿಲೋಮೀಟರ್. ನಿಧಾನವಾಗಿ ನಡೆದರೂ ಮೂರು ಗಂಟೆ ಸಾಕು. ನಡಿಗೆ ಸುಲಭ, ಆದರೆ ದಾರಿಯ ಬದಿಯ ಕಾಡು ಉಳಿದು ಬಂದ ಕಥೆ ಅಷ್ಟು ಸುಲಭದ್ದಲ್ಲ.

ಈ ಸರೋವರದ ಪಾತ್ರವನ್ನು ಕೊರೆದದ್ದು ಹಿಮನದಿ. ಪೂರ್ವ ದಡದ ಬಂಡೆಯೊಂದರ ಮೇಲೆ ಮಂಜುಗಡ್ಡೆ ಉಜ್ಜಿಕೊಂಡು ಹೋದ ಗೀರುಗಳು ಇಂದಿಗೂ ಇವೆ. ಎದುರು ದಡದಲ್ಲಿ ‘ಬಾಲ್‌ರೂಮ್ ಫಾರೆಸ್ಟ್’ ಎಂಬ ಪುಟ್ಟ ಕಾಡು ಸಿಗುತ್ತದೆ. ಮರ, ಬಂಡೆ, ನೆಲ ಎಲ್ಲವನ್ನೂ ಹಾವಸೆ ಮುಚ್ಚಿರುವ ತಂಪು ಮಳೆಕಾಡು ಇದು. ಮಿರ್ಟಲ್ ಬೀಚ್ ಮರಗಳ ಜೊತೆಗೆ ಇಲ್ಲಿ ‘ಕಿಂಗ್ ಬಿಲ್ಲಿ ಪೈನ್’ ಬೆಳೆದು ನಿಂತಿದೆ. ಟಾಸ್ಮೇನಿಯಾ ಬಿಟ್ಟರೆ ಜಗತ್ತಿನ ಬೇರಾವ ಭಾಗದಲ್ಲೂ ಈ ಮರ ಸಹಜವಾಗಿ ಬೆಳೆಯುವುದಿಲ್ಲ. ಸಾವಿರ ವರ್ಷಕ್ಕೂ ಹೆಚ್ಚು ಬಾಳಬಲ್ಲ ಇದರ ಪೂರ್ವಜರು ಗೊಂಡ್ವಾನಾ ಮಹಾಖಂಡದ ಕಾಲದವರು. ಆ ಮಹಾಖಂಡದಲ್ಲಿ ನಮ್ಮ ದಖನ್ನಿನ ನೆಲವೂ ಸೇರಿತ್ತು. ಅದಕ್ಕೆ ಹೆಸರು ಬಂದದ್ದು ಮಧ್ಯಭಾರತದ ಗೊಂಡರ ನಾಡಿನಿಂದ.

ಟಾಸ್ಮೇನಿಯಾದ ಮೂಲನಿವಾಸಿಗಳು ಈ ದ್ವೀಪದಲ್ಲಿ ಸುಮಾರು 40,000 ವರ್ಷಗಳಿಂದ ಬಾಳಿದವರು. ಯುರೋಪಿಯನ್ನರು ಕ್ರೇಡಲ್ ಪರ್ವತದ ಬಳಿ ಬಂದದ್ದು 19ನೇ ಶತಮಾನದ ಮೊದಲ ಭಾಗದಲ್ಲಿ. ಅವರ ಹಿಂದೆ ಬೇಟೆಗಾರರು, ಮರ ಕಡಿಯುವವರು, ಗಣಿ ಹುಡುಕುವವರು ಬಂದರು. ಇಲ್ಲಿನ ಕಾಡನ್ನು ಕಾಡಾಗಿಯೇ ಉಳಿಸಬೇಕೆಂದು ಹಟ ಹಿಡಿದವರಲ್ಲಿ ಮುಖ್ಯನಾದವನು ಗುಸ್ತಾವ್ ವೈನ್‌ಡಾರ್ಫರ್.

1874ರಲ್ಲಿ ಆಸ್ಟ್ರಿಯಾದಲ್ಲಿ ಹುಟ್ಟಿದ ಈತ 1900ರಲ್ಲಿ ಆಸ್ಟ್ರೇಲಿಯಾಕ್ಕೆ ಬಂದ. ಸಸ್ಯಗಳ ಹುಚ್ಚು ಇವನಿಗೂ ಇತ್ತು, 1906ರಲ್ಲಿ ಇವನ ಕೈಹಿಡಿದ ಟಾಸ್ಮೇನಿಯಾದ ಕೇಟ್ ಕೌಲ್‌ಗೂ ಇತ್ತು. 1910ರ ಜನವರಿ 4ರಂದು ಗಂಡಹೆಂಡಿರಿಬ್ಬರೂ ಗೆಳೆಯ ರೊನಾಲ್ಡ್ ಸ್ಮಿತ್ ಜೊತೆ ಕ್ರೇಡಲ್ ಶಿಖರ ಏರಿದರು. ಈ ನೆಲ ಎಲ್ಲ ಕಾಲಕ್ಕೂ ಜನರ ಉದ್ಯಾನವಾಗಿರಬೇಕು, ಜನ ಬಂದು ಇದನ್ನು ನೋಡಬೇಕು ಎಂಬುದು ವೈನ್‌ಡಾರ್ಫರ್‌ನ ಸಂಕಲ್ಪವಾಯಿತು.

ಜನ ಬರಲು ಅಲ್ಲಿ ರಸ್ತೆಯಿರಲಿಲ್ಲ, ಬಂದರೆ ತಂಗಲು ಸೂರಿರಲಿಲ್ಲ. 1912ರಲ್ಲಿ ಆತ ಕಾಡಂಚಿನಲ್ಲಿ ಅತಿಥಿಗೃಹವೊಂದನ್ನು ಕಟ್ಟತೊಡಗಿದ. ಅದಕ್ಕಿಟ್ಟ ಹೆಸರು ವಾಲ್ಡ್‌ಹೈಮ್. ಜರ್ಮನ್ ಭಾಷೆಯಲ್ಲಿ ಕಾಡಿನ ಮನೆ. ಗೋಡೆ, ಮಾಡು ಎಲ್ಲಕ್ಕೂ ಬಳಸಿದ್ದು ಸುತ್ತಲಿನ ಕಿಂಗ್ ಬಿಲ್ಲಿ ಪೈನ್. ಹಗುರ, ನೇರವಾಗಿ ಸೀಳುವ, ಬೇಗ ಕೊಳೆಯದ ಮರವದು. ಅದನ್ನು ಕಾಪಾಡಲು ಹೊರಟವನೂ ಮೊದಲು ಅದರ ಮೇಲೆ ಕೊಡಲಿ ಹಾಕಬೇಕಾಯಿತು. ಚಳಿಗಾಲದಲ್ಲಿ ಹೊಟ್ಟೆಪಾಡಿಗೆ ಆತ ಚರ್ಮಕ್ಕಾಗಿ ಪ್ರಾಣಿಗಳನ್ನು ಉರುಳು ಹಾಕಿ ಹಿಡಿಯುತ್ತಿದ್ದ ಎಂಬುದೂ ನಿಜ.

ಮೊದಲ ಮಹಾಯುದ್ಧ ಬಂದಾಗ ಆಸ್ಟ್ರಿಯಾ ಶತ್ರುದೇಶವಾಯಿತು; ವೈನ್‌ಡಾರ್ಫರ್‌ನನ್ನು ಜನ ಸಂಶಯದಿಂದ ನೋಡಿದರು. 1916ರಲ್ಲಿ ಕೇಟ್ ತೀರಿಕೊಂಡಳು. ಆದರೂ ಆತ ಬೆಟ್ಟ ಬಿಡಲಿಲ್ಲ. ಯುದ್ಧ ಮುಗಿದ ಮೇಲೆ ಆತ ಮತ್ತು ಫ್ರೆಡ್ ಸ್ಮಿತೀಸ್ ಮೊದಲಾದ ಗೆಳೆಯರು ಊರುಗಳಲ್ಲಿ ಉಪನ್ಯಾಸ ಮಾಡಿದರು, ಪರದೆಯ ಮೇಲೆ ಬೆಟ್ಟದ ಚಿತ್ರಗಳನ್ನು ತೋರಿಸಿದರು. ಫಲವಾಗಿ 1922ರ ಮೇ ತಿಂಗಳಲ್ಲಿ ಕ್ರೇಡಲ್ ಪರ್ವತದಿಂದ ಸೇಂಟ್ ಕ್ಲೇರ್ ಸರೋವರದವರೆಗಿನ ಸುಮಾರು 64,000 ಹೆಕ್ಟೇರ್ ನೆಲವನ್ನು ಸರ್ಕಾರ ಮೀಸಲು ಪ್ರದೇಶವೆಂದು ಘೋಷಿಸಿತು. ಹತ್ತು ವರ್ಷದ ನಂತರ, 1932ರಲ್ಲಿ, ಮೋಟಾರ್ ಸೈಕಲ್ ಚಾಲೂ ಮಾಡಲು ಹೆಣಗುತ್ತಿದ್ದಾಗ ಹೃದಯಾಘಾತವಾಗಿ ಆತ ಸತ್ತ. ಸಮಾಧಿ ವಾಲ್ಡ್‌ಹೈಮ್ ಬಳಿಯೇ ಇದೆ. 1982ರಲ್ಲಿ ಈ ಪ್ರದೇಶ ವಿಶ್ವ ಪರಂಪರೆಯ ಪಟ್ಟಿ ಸೇರಿತು.

ಜನ ಬರಬೇಕೆಂಬ ಅವನ ಆಸೆ ಈಗ ಅಗತ್ಯಕ್ಕಿಂತ ಹೆಚ್ಚಾಗಿಯೇ ಈಡೇರಿದೆ. ಹಸಿ ಮಣ್ಣು, ಬೇರು, ಹಾವಸೆ ಕಾಲ್ತುಳಿತಕ್ಕೆ ಸಿಗದಂತೆ ದಾರಿಯ ಬಹುಭಾಗಕ್ಕೆ ಹಲಗೆ ಹಾಸಲಾಗಿದೆ. ಹಗಲು ಹೊತ್ತು ಪ್ರವಾಸಿಗರು ಸ್ವಂತ ಕಾರು ಬಿಟ್ಟು ಬಸ್ಸಿನಲ್ಲಿ ಸರೋವರಕ್ಕೆ ಹೋಗಬೇಕು. ಕಾಲ್ತುಳಿತವನ್ನು ಹೀಗೆ ತಡೆಯಬಹುದು. ಬೆಂಕಿಯನ್ನು ತಡೆಯುವುದು ಕಷ್ಟ.

ನಮ್ಮ ಕುರುಚಲು ಕಾಡಿನ ಅನೇಕ ಮರಗಳು ಸುಟ್ಟ ಮೇಲೂ ಚಿಗುರುತ್ತವೆ. ಕಿಂಗ್ ಬಿಲ್ಲಿ ಚಿಗುರುವುದಿಲ್ಲ. ಬೀಜ ದೂರ ಹಾರುವುದಿಲ್ಲವಾದ್ದರಿಂದ ಸುಟ್ಟ ಜಾಗಕ್ಕೆ ಮರಳುವುದೂ ಅಪರೂಪ. 20ನೇ ಶತಮಾನವೊಂದರಲ್ಲೇ ಈ ಮರಗಳ ಸುಮಾರು ಮೂರನೇ ಒಂದು ಭಾಗ ಬೆಂಕಿಗೆ ಆಹುತಿಯಾಯಿತು. 2016ರ ಜನವರಿಯಲ್ಲಿ ಒಣಗಿದ್ದ ಟಾಸ್ಮೇನಿಯಾದಲ್ಲಿ ಸಿಡಿಲು ಬಡಿದು ಕಾಡ್ಗಿಚ್ಚು ಹಬ್ಬಿತು. ಮೆಕೆಂಜಿ ಸರೋವರದ ಬಳಿ ಇದೇ ಕುಲದ ಪೆನ್ಸಿಲ್ ಪೈನ್ ಮರಗಳು ಸುಟ್ಟುಹೋದವು. ಹಿಮನದಿಯ ಕಾಲದ ನಂತರ ತಂಪಿನಲ್ಲೇ ಉಳಿದು ಬಂದ ಈ ಕಾಡುಗಳಿಗೆ ಬಿಸಿಯೇರುತ್ತಿರುವ ಬೇಸಿಗೆ ಹೊಸ ಶತ್ರು.

ಶಿಥಿಲವಾಗಿದ್ದ ವಾಲ್ಡ್‌ಹೈಮ್ ಮನೆಯನ್ನು 1976ರಲ್ಲಿ ಕೆಡವಿ, ಅದೇ ಬಗೆಯ ಮರದಿಂದ, ಅದೇ ರೀತಿಯಲ್ಲಿ ಮತ್ತೆ ಕಟ್ಟಲಾಯಿತು. ನೋಡಿದವರಿಗೆ ವ್ಯತ್ಯಾಸ ತಿಳಿಯುವುದು ಕಷ್ಟ. ಆದರೆ ಸರೋವರದ ದಡದ ಕಾಡು ಒಮ್ಮೆ ಸುಟ್ಟರೆ, ಅದನ್ನು ಮೊದಲಿನಂತೆ ಕಟ್ಟಿಕೊಡುವ ಬಡಗಿ ಎಲ್ಲೂ ಇಲ್ಲ.