ಉಳ್ಳಾಗಡ್ಡಿ ಹೆಸರಿನ ಊರು

ಶಿಕಾಗೋ ಅಂದಕೂಡ್ಲೆ ನಮಗೆಲ್ಲಾ ನೆನಪಾಗೋದು 1893ರಾಗ ವಿವೇಕಾನಂದರು ಮಾಡಿದ ಭಾಷಣ. ಆದ್ರ ಆ ಊರಿಗೆ ಹೆಸರು ಎಲ್ಲಿಂದ ಬಂತು ಗೊತ್ತೇನ್ರೀ? ಒಂದು ಅಡವಿ ಉಳ್ಳಾಗಡ್ಡಿಯಿಂದ! ಚಾತುರ್ಮಾಸದಾಗ ಉಳ್ಳಾಗಡ್ಡಿ ಮುಟ್ಟಲಾರದ ನಮ್ಮ ಅತ್ತಿಯವರಿಗೆ ಇದನ್ನ ಹೇಳಿದ್ರ, "ಹೋಗವಾ, ಏನರ ಹೇಳ್ತಿ" ಅಂತ ನಕ್ಕಬಿಟ್ರು.

ಮಿಶಿಗನ್ ಸರೋವರದ ಸುತ್ತಮುತ್ತ ಇದ್ದ ಮಯಾಮಿ, ಇಲಿನಾಯ್ ಮೂಲನಿವಾಸಿಗಳು ಈ ಗಿಡಕ್ಕ 'ಶಿಕಾಕ್ವಾ' ಅಂತಿದ್ರು. ನಾತ ಬಿಡೋ ಸ್ಕಂಕ್ ಅನ್ನೋ ಪ್ರಾಣಿಗೂ ಅವರ ಮಾತಿನಾಗ ಅದ ಹೆಸರು. ವಾಸನಿ ಎಷ್ಟು ಘಾಟು ಇರಬೇಕು ನೋಡ್ರಿ! 1687-88ರಾಗ ಆ ದಾರಿ ಹಿಡಿದು ಹೋದ ಫ್ರೆಂಚ್ ಪ್ರವಾಸಿ ಆನ್ರಿ ಜುಟೆಲ್, ಇಲ್ಲಿ ಅಡವ್ಯಾಗ ಬಳ್ಳೊಳ್ಳಿ ಭಾಳ ಬೆಳೀತದ, ಅದಕ್ಕ ಈ ಹೆಸರು ಅಂತ ಬರೆದಿಟ್ಟಾನ.

ಈಗ ಅದಕ್ಕ ರಾಂಪ್ಸ್ ಅಂತಾರ. ಅಗಲ ಎಲಿ, ಸಣ್ಣ ಬಿಳಿ ಗಡ್ಡಿ, ಉಳ್ಳಾಗಡ್ಡಿ-ಬಳ್ಳೊಳ್ಳಿ ಎರಡೂ ಕೂಡಿದಂಥಾ ರುಚಿ. ಹಿಮ ಕರಗಿ, ದೊಡ್ಡ ಮರ ಚಿಗುರಿ ನೆಳ್ಳು ಮಾಡೋದರೊಳಗ ಎಲಿ ಬಿಡ್ತದ. ಬ್ಯಾಸಗಿ ಬರೋದ್ರಾಗ ಎಲಿ ಒಣಗಿ ಹೋಗ್ತಾವ. ಥಂಡಿದಿನಾ ಪೂರ್ತಿ ಒಣಾ ಕಾಳು, ಒಣಾ ಮಾಂಸ ತಿಂದ ಮಂದಿಗೆ ಇದು ವರ್ಷದ ಮೊದಲ ಹಸಿರು ತಪ್ಪಲ. ಅಪಲಾಚಿಯನ್ ಗುಡ್ಡದಾಗ ಚೆರೋಕೀ ಜನಾನೂ ತಿಂತಾರ, ಆಮ್ಯಾಲೆ ಬಂದು ನೆಲೆಸಿದ ಬಿಳಿಯರೂ ತಿಂತಾರ. ಹಂದಿ ಕೊಬ್ಬಿನಾಗ ಆಲೂಗಡ್ಡಿ, ತತ್ತಿ ಕೂಡ ಹುರಿದು, ಬಾಜೂಕ ಬೀನ್ಸು, ಗೋವಿನಜೋಳದ ರೊಟ್ಟಿ. ಇದನ್ನ ತಿಂದು ಸಾಲಿಗೆ ಬಂದ ಹುಡುಗರನ್ನ ವಾಸನಿ ತಾಳಲಾರದ ಮನಿಗೆ ಕಳಸ್ತಿದ್ರಂತ!

ಹೆಸರಿಟ್ಟ ಜನ ಮಾತ್ರ ಆ ಊರಾಗ ಉಳೀಲಿಲ್ಲ. ಅವರ ನಂತರ ಅಲ್ಲಿದ್ದ ಪೊಟವಾಟೊಮಿ ಜನಾನೂ 1833ರ ಒಪ್ಪಂದದಾಗ ನೆಲ ಬಿಟ್ಟುಕೊಟ್ಟು, ಹೆಚ್ಚಿನವರು ಮಿಸಿಸಿಪ್ಪಿ ಹೊಳಿ ಆಚೆ ಹೋಗಬೇಕಾತು.

ಈಗ ಗಿಡದ ಪಾಳಿ. ದೊಡ್ಡ ಹೋಟೆಲಿನವರಿಗೆ ಇದರ ರುಚಿ ಹತ್ತಿ, ಅಡವ್ಯಾಗ ಗಡ್ಡಿ ಸಮೇತ ಕೀಳೋದು ಹೆಚ್ಚಾತು. ಬೀಜದಿಂದ ಹೂ ಬಿಡಲಿಕ್ಕೆ ಐದಾರು ವರ್ಷಕ್ಕೂ ಮಿಕ್ಕಿ ಬೇಕು; ಒಮ್ಮೆ ಕಿತ್ತರ ಜಾಗಾ ಬಯಲು. ಕೆನಡಾದ ಕ್ವಿಬೆಕ್‌ದಾಗ 1995ರಿಂದ ಮಾರೋದನ್ನ ಬಂದ ಮಾಡ್ಯಾರ. ಸ್ವಂತಕ್ಕ ಒಬ್ಬರಿಗೆ 50 ಗಡ್ಡಿ ಅಷ್ಟ.

ಚೆರೋಕೀ ಹಿರಿಯರ ಪದ್ಧತಿ ಬ್ಯಾರೆ. ಬೇರಿನ ಭಾಗ ಮಣ್ಣಾಗ ಬಿಟ್ಟು ಮ್ಯಾಲಿಂದಷ್ಟ ಕೊಯ್ತಾರ, ಗಿಡ ಮತ್ತ ಚಿಗುರಲಿ ಅಂತ. ಇದನ್ನ ಓದಿದಾಗ ನನಗ ನಮ್ಮವ್ವ ನೆನಪಾದ್ಲು. ಹಿತ್ತಲದಾಗ ಪಾಲಕ ತರಲಿಕ್ಕೆ ಕಳಿಸಿದ್ರ, "ಬುಡ ಬಿಟ್ಟು ಕೊಯ್ಯವಾ, ಮುಂದಿನ ವಾರಕ್ಕೂ ಬೇಕು" ಅಂತಿದ್ಲು. ನಾ ಅವಸರದಾಗ ಕಿತ್ತ ತಂದ್ರ ಆ ದಿನಾ ಬೈಗಳನ ಊಟ.