ಮೂಳೆಗೆ ಬದಲು ಮೇಣ, ಮೇಣಕ್ಕೆ ಬದಲು ಹವಳ

ಮೂರನೇ ಮೈಸೂರು ಯುದ್ಧದ (1790-92) ಕಾಲದಲ್ಲಿ ಇಂಗ್ಲಿಷರ ಸೈನ್ಯಕ್ಕೆ ಗಾಡಿ ಹೊಡೆಯುತ್ತಿದ್ದ ಕಾವಸ್‌ಜಿ ಎಂಬವನು ಟಿಪ್ಪುವಿನ ಕಡೆಯವರಿಗೆ ಸೆರೆಸಿಕ್ಕಿ, ಮೂಗನ್ನೂ ಒಂದು ಕೈಯನ್ನೂ ಕಳೆದುಕೊಂಡ. ಪುಣೆಯ ಬಳಿ ದೇಶೀ ವೈದ್ಯನೊಬ್ಬ ಅವನ ಹಣೆಯ ಚರ್ಮವನ್ನು ಕೆಳಗಿಳಿಸಿ ಹೊಸ ಮೂಗು ಕಟ್ಟಿದ. 1794ರಲ್ಲಿ ಲಂಡನ್ನಿನ ಪತ್ರಿಕೆಯೊಂದು ಈ ಸುದ್ದಿಯನ್ನು ಅಚ್ಚುಹಾಕಿದಾಗ ಯುರೋಪಿನ ಶಸ್ತ್ರವೈದ್ಯರು ಬೆರಗಾದರು. ಎಷ್ಟು ಚರ್ಮ ಕತ್ತರಿಸಬೇಕೆಂಬ ಅಳತೆಗೆ ಆ ವೈದ್ಯ ಬಳಸಿದ್ದು ಮೇಣದ ಮೂಗು. ಅಳತೆ ಮುಗಿದ ಮೇಲೆ ಮೇಣಕ್ಕೆ ಅಲ್ಲಿ ಕೆಲಸವಿರಲಿಲ್ಲ.

ಸುಮಾರು ನೂರು ವರ್ಷಗಳ ಬಳಿಕ ಮೇಣ ಮುಖದ ಒಳಗೇ ಸೇರಿತು. ಸಿಫಿಲಿಸ್ ರೋಗ (ಆಯುರ್ವೇದದ ಫಿರಂಗ ರೋಗ) ಮೂಗಿನ ಮೂಳೆಯನ್ನು ತಿಂದುಹಾಕುತ್ತಿತ್ತು. ಮೂಗು ಜೀನಿನಂತೆ ನಡುವೆ ಕುಸಿದವನ ಗುಟ್ಟು ಬೀದಿಗೆಲ್ಲ ತಿಳಿಯುತ್ತಿತ್ತು. ವಿಯೆನ್ನಾದ ವೈದ್ಯ ರಾಬರ್ಟ್ ಗೆರ್ಸುನಿ 1899ರ ಸುಮಾರಿಗೆ ವ್ಯಾಸಲೀನ್, ಪ್ಯಾರಾಫಿನ್‌ನಂಥ ಪದಾರ್ಥಗಳನ್ನು ಸೂಜಿಯಿಂದ ದೇಹದೊಳಗೆ ತುಂಬುವ ವಿಧಾನ ತೋರಿಸಿದರು. ಕತ್ತಿ ಬೇಡ, ಹೊಲಿಗೆ ಬೇಡ. ಕುಸಿದ ಮೂಗು ನಿಮಿಷಗಳಲ್ಲಿ ಎದ್ದು ನಿಲ್ಲುತ್ತಿತ್ತು. ರೋಗಿಗಳ ಹಿಂದೆಯೇ ಚೆಲುವೆಯರೂ ಬಂದರು. ಗ್ಲಾಡಿಸ್ ಡೀಕನ್ ಎಂಬ ಅಮೆರಿಕನ್ ಸುಂದರಿ, ಮುಂದೆ ಇಂಗ್ಲೆಂಡಿನ ಮಾರ್ಲ್‌ಬರೋ ಡ್ಯೂಕನ ಪತ್ನಿಯಾದಾಕೆ, ಗ್ರೀಕ್ ಪ್ರತಿಮೆಗಳಂಥ ಮೂಗು ಬೇಕೆಂದು ಮೇಣ ತುಂಬಿಸಿಕೊಂಡಳು. ಅದು ಕಾಲಕ್ರಮೇಣ ಜಾರಿ ಗಲ್ಲದತ್ತ ಇಳಿಯಿತು. ಆಕೆಯದು ಒಂಟಿ ಪ್ರಸಂಗವಲ್ಲ. ಹಲವರಲ್ಲಿ ವರ್ಷಗಳ ನಂತರ ಗಂಟುಗಳೂ ಹುಣ್ಣುಗಳೂ ಎದ್ದವು. ಮೇಣ ರಕ್ತನಾಳಕ್ಕೆ ನುಗ್ಗಿ ಕಣ್ಣು ಕಳೆದುಕೊಂಡವರೂ ಉಂಟು. ಬೆರೆತುಹೋದ ಮೇಣವನ್ನು ಹೊರತೆಗೆಯುವುದು ತುಂಬುವಷ್ಟು ಸುಲಭವಿರಲಿಲ್ಲ.

ತಪ್ಪು ಮೇಣದ್ದೊಂದೇ ಅಲ್ಲ, ಮೂಳೆಯೆಂದರೆ ಜಾಗ ತುಂಬುವ ವಸ್ತು ಎಂಬ ತಿಳಿವಳಿಕೆಯದು ಎಂದು ನನಗನಿಸುತ್ತದೆ. ಮೂಳೆ ಜೀವಂತ. ಅದರೊಳಗೆ ರಕ್ತ ಹರಿಯುತ್ತದೆ. ಹಾಗಾಗಿ ಬದಲಿ ವಸ್ತುವಿನಲ್ಲಿ ರಕ್ತನಾಳ ನುಗ್ಗಲು ದಾರಿ ಇರಬೇಕು. ಆ ದಾರಿ ಸಿಕ್ಕಿದ್ದು ಸಮುದ್ರದ ಹವಳದಲ್ಲಿ. ಪೋರೈಟಿಸ್ ಜಾತಿಯ ಹವಳದ ತುಂಬ ಒಂದಕ್ಕೊಂದು ಕೂಡಿಕೊಂಡ, ಸುಮಾರು ಐದನೇ ಒಂದು ಮಿಲಿಮೀಟರ್ ಅಗಲದ ರಂಧ್ರಗಳು. 1974ರಲ್ಲಿ ಅಮೆರಿಕದ ಪೆನ್ಸಿಲ್ವೇನಿಯಾ ಸ್ಟೇಟ್ ವಿಶ್ವವಿದ್ಯಾಲಯದ ಡೆಲ್ಲಾ ರಾಯ್ ಮತ್ತು ಸಾರಿ ಲಿನೆಹನ್ ಈ ಹವಳವನ್ನು ಫಾಸ್ಫೇಟ್ ದ್ರಾವಣದಲ್ಲಿಟ್ಟು ಭಾರಿ ಶಾಖ, ಒತ್ತಡಕ್ಕೆ ಒಳಪಡಿಸಿದರು. ಸುಣ್ಣಕಲ್ಲಿನ ಜಾತಿಯ ಕ್ಯಾಲ್ಸಿಯಂ ಕಾರ್ಬೊನೇಟ್ ಹೋಗಿ, ನಮ್ಮ ಮೂಳೆಯ ಖನಿಜಕ್ಕೆ ಸರಿಹೋಲುವ ಹೈಡ್ರಾಕ್ಸಿಅಪಟೈಟ್ ಆ ಜಾಗಕ್ಕೆ ಬಂತು. ರಂಧ್ರಗಳು ಇದ್ದಂತೆಯೇ ಉಳಿದವು.

ಇಂಥ ಹವಳದ ತುಂಡನ್ನು ಕೆನ್ನೆಯ ಅಥವಾ ದವಡೆಯ ಮೂಳೆಗೆ ಒತ್ತಿ ಕೂರಿಸಿದರೆ ಮೊದಲು ರಕ್ತನಾಳ, ಆಮೇಲೆ ಹೊಸ ಮೂಳೆ ಒಳಹೊಕ್ಕು ಬೆಳೆಯುತ್ತದೆ. 1985ರಿಂದ ಅಮೆರಿಕದ ವೈದ್ಯ ಆರ್ಥರ್ ಪೆರ್ರಿ ಕಣ್ಣುಗುಡ್ಡೆ ತೆಗೆದ ಜಾಗಕ್ಕೆ ಹವಳದ ಗುಂಡನ್ನಿಟ್ಟು, ಕಣ್ಣಿನ ಸ್ನಾಯುಗಳನ್ನು ಅದಕ್ಕೆ ಹೊಲಿದರು. ಗಾಜಿನಂತೆ ನೆಟ್ಟ ನೋಟವಿದ್ದ ಕೃತಕ ಕಣ್ಣಿಗೆ ಚಲನೆ ಬಂತು.

ಆದರೆ ಹವಳ ಪೆಡಸು. ಅಗಿಯುವ ದವಡೆಯ ಭಾರವನ್ನು ಅದೊಂದೇ ಹೊರಲಾರದು. ದೊಡ್ಡ ಗಾಯಗಳಿಗೆ ರೋಗಿಯ ಸೊಂಟದಿಂದಲೋ ಪಕ್ಕೆಲುಬಿನಿಂದಲೋ ಕತ್ತರಿಸಿ ತಂದ ಮೂಳೆಯನ್ನೇ ಶಸ್ತ್ರವೈದ್ಯರು ಈಗಲೂ ಹೆಚ್ಚು ನಂಬುತ್ತಾರೆ.