ವೈದ್ಯಕೀಯ ಉಪಕರಣಗಳ ವಿದ್ಯುತ್ ಸುರಕ್ಷತಾ ಪರೀಕ್ಷೆ

ಇಸಿಜಿ, ವೆಂಟಿಲೇಟರ್, ಡಯಾಲಿಸಿಸ್ ಮುಂತಾದ ಆಸ್ಪತ್ರೆಯ ಯಂತ್ರಗಳಿಂದ ರೋಗಿಗೂ ಸಿಬ್ಬಂದಿಗೂ ವಿದ್ಯುದಾಘಾತವಾಗದಂತೆ ನಡೆಸುವ ತಪಾಸಣೆಯೇ ವೈದ್ಯಕೀಯ ಉಪಕರಣಗಳ ವಿದ್ಯುತ್ ಸುರಕ್ಷತಾ ಪರೀಕ್ಷೆ. ಯಂತ್ರವು ಕೆಲಸ ಮಾಡುತ್ತಿದೆ ಎಂದ ಮಾತ್ರಕ್ಕೆ ಅದು ಸುರಕ್ಷಿತವಲ್ಲ. ಅರ್ಥಿಂಗ್ ತಂತಿ ತುಂಡಾದರೂ ಅದು ಎಂದಿನಂತೆ ನಡೆಯಬಹುದು.

ಅವಶ್ಯಕತೆ

ಒಣ ಚರ್ಮವು ವಿದ್ಯುತ್ ಪ್ರವಾಹವನ್ನು ಬಹುಮಟ್ಟಿಗೆ ತಡೆಯುತ್ತದೆ. ಬೆರಳಿಗೆ ಜುಮ್ಮೆನ್ನಲು ಸುಮಾರು 1 ಮಿಲಿಆಂಪಿಯರ್ ಬೇಕು. ಹೃದಯದೊಳಕ್ಕೆ ತಂತಿ ಸೇರಿಸಿದ ರೋಗಿಗೆ ಚರ್ಮದ ಈ ರಕ್ಷಣೆ ಇರುವುದಿಲ್ಲ. ಅದಕ್ಕಿಂತ ಬಹಳ ಕಡಿಮೆ ಪ್ರವಾಹವೂ ಹೃದಯದ ಬಡಿತವನ್ನು ಅಸ್ತವ್ಯಸ್ತಗೊಳಿಸಬಲ್ಲದು. ಆದುದರಿಂದ ಹೃದಯಕ್ಕೆ ನೇರವಾಗಿ ಜೋಡಿಸುವ ಉಪಕರಣಗಳಿಂದ ರೋಗಿಯತ್ತ ಸೋರುವ ವಿದ್ಯುತ್ತು ಸಾಮಾನ್ಯ ಸ್ಥಿತಿಯಲ್ಲಿ 10 ಮೈಕ್ರೊಆಂಪಿಯರ್, ಒಂದು ದೋಷವಿದ್ದಾಗ 50 ಮೈಕ್ರೊಆಂಪಿಯರ್ ಮೀರಬಾರದೆಂದು ಐಇಸಿ 60601-1 ಮಾನಕ ವಿಧಿಸುತ್ತದೆ. ಭಾರತದಲ್ಲಿ ಇದಕ್ಕೆ ಸಮನಾದುದು ಐಎಸ್ 13450.

ವಿಧಾನ

ಮೊದಲು ಪ್ಲಗ್, ವೈರು, ಹೊರಕವಚಗಳನ್ನು ಕಣ್ಣಾರೆ ಪರಿಶೀಲಿಸಿ, ಬಳಿಕ ಅರ್ಥಿಂಗ್ ಸಂಪರ್ಕದ ರೋಧ, ಅವಾಹಕ ಹೊದಿಕೆಯ ರೋಧ ಹಾಗೂ ಸೋರಿಕೆ ವಿದ್ಯುತ್ತನ್ನು ಅಳೆಯುತ್ತಾರೆ. ಉಪಕರಣವನ್ನು ಬಳಕೆಗೆ ತರುವ ಮೊದಲು, ದುರಸ್ತಿಯ ನಂತರ ಮತ್ತು ನಿಗದಿತ ಅವಧಿಗೊಮ್ಮೆ ನಡೆಸುವ ಈ ಪರೀಕ್ಷೆಗಳಿಗೆ ಐಇಸಿ 62353 ಮಾನಕವಿದೆ. ಮೊದಲ ಅಳತೆಯನ್ನು ದಾಖಲಿಸಿಟ್ಟು, ಮುಂದಿನ ಅಳತೆಗಳನ್ನು ಅದರೊಡನೆ ಹೋಲಿಸಿದರೆ ಮಿತಿ ಮೀರುವ ಮುನ್ನವೇ ದೋಷ ಪತ್ತೆಯಾಗಬಲ್ಲದು.